ಎಲ್ಲಾ ಮಾಡತಾಳ್ರಿ

ಚೆಂಬೂರಿನಲ್ಲಿ ರೈಲು ಹಳಿಗೆ ಬೆನ್ನು ಮಾಡಿ ನಿಂತ ಒಂದು ಹಳೆಯ ಚಾಳು ಇದೆ. ಅದರಲ್ಲಿ ದಾನವ್ವನ ಖೋಲಿ ಯಾವುದು ಎಂದು ಯಾರನ್ನೂ ಕೇಳಬೇಕಾಗಿಲ್ಲ. ಬೆಳಗಿನ ಹೊತ್ತು ರೊಟ್ಟಿ ಬಡಿಯುವ ಸಪ್ಪಳ ಎಲ್ಲಿಂದ ಬರುತ್ತದೋ ಅದೇ ಅವಳ ಬಾಗಿಲು. ಇಂಡಿ ತಾಲೂಕಿನಿಂದ ಮದುವೆಯಾಗಿ ಬಂದವಳಿಗೆ ಮುಂಬಯಿ ಕಲಿಸಿದ್ದು ಬಹಳ ಕಡಿಮೆ. ಬರುವಾಗ ಕೈಯಲ್ಲಿದ್ದ ವಿದ್ಯೆಯೇ ಇವತ್ತಿಗೂ ಹೊಟ್ಟೆಗೆ ಹಾಕುತ್ತಿದೆ. ಸ್ಟೇಶನ್ ಪಕ್ಕದ ಖಾನಾವಳಿಗೆ ದಿನಾ ಅವಳ ಜೋಳದ ರೊಟ್ಟಿಯೇ ಹೋಗಬೇಕು. ಈಗ ಅವಳಿಗೆ ಅರವತ್ತೆರಡು. ಬಲಗೈ ಮಣಿಕಟ್ಟು ಊದಿಕೊಂಡಿದೆ. ಡಾಕ್ಟರು ಕೈಗೆ ವಿಶ್ರಾಂತಿ ಕೊಡಿ ಅಂದಾಗ ಅವಳು, "ಕೊಡತೀನ್ರಿ, ನಾ ಹ್ವಾದ ದಿನ ಅದಕ್ಕೂ ಸಿಗತೈತಲ್ರಿ" ಅಂದು ಎದ್ದು ಬಂದಿದ್ದಳು.

ಗಂಡ ಚಂದ್ರಾಮ ಒಂದು ಬಾಲಗೃಹದ ಗೇಟಿನಲ್ಲಿ ವಾಚ್‌ಮನ್ ಆಗಿದ್ದ. ಅಪ್ಪ ಅಮ್ಮ ಇಲ್ಲದ, ಇದ್ದೂ ಸಿಗದ ಮಕ್ಕಳನ್ನು ಸರಕಾರ ಇಟ್ಟು ಸಾಕುವ ಜಾಗ ಅದು. ಅಲ್ಲಿ ಒಂದು ಹೆಣ್ಣು ಮಗು ಯಾರ ಹತ್ತಿರವೂ ಹೋಗುತ್ತಿರಲಿಲ್ಲ, ಮಾತಾಡುತ್ತಿರಲಿಲ್ಲ. ಹಗಲೆಲ್ಲ ಬಂದು ಚಂದ್ರಾಮನ ಸ್ಟೂಲಿನ ಪಕ್ಕ ನೆಲದ ಮೇಲೆ ಕೂತು ಅವನು ಊಟದ ಡಬ್ಬಿ ತೆರೆಯುವುದನ್ನೇ ಕಾಯುತ್ತಿತ್ತು. ಕುರ್ಲಾ ಸ್ಟೇಶನ್ನಿನಲ್ಲಿ ಸಿಕ್ಕಿದ ಮಗು. ಶುಭಾಂಗಿ ಅನ್ನುವ ಹೆಸರು ಬಾಲಗೃಹದವರದು, ಜೂನ್ ಒಂದನೆಯ ತಾರೀಖು ಅನ್ನುವ ಹುಟ್ಟಿದ ದಿನವೂ ಅವರದೇ. ಬುದ್ಧಿ ವಯಸ್ಸಿಗೆ ತಕ್ಕ ಹಾಗೆ ಬೆಳೆದಿಲ್ಲ ಎಂದು ಡಾಕ್ಟರು ಆಗಲೇ ಒಂದು ಕಾಗದ ಬರೆದುಕೊಟ್ಟಿದ್ದರು. ಚಂದ್ರಾಮ ಮನೆಗೆ ಬಂದು ಹೇಳಿದ್ದು ಇಷ್ಟೇ, "ಆ ಕೂಸಿಗಿ ನಿನ್ನ ರೊಟ್ಟಿ ಹಿಡಿಸ್ಯಾವು ನೋಡು."

ಹೊಟ್ಟೆಯಲ್ಲಿ ಹುಟ್ಟಿದವರು ಯಾರೂ ಇರಲಿಲ್ಲ. ದತ್ತು ತೆಗೆದುಕೊಳ್ಳಲು ಇಬ್ಬರ ವಯಸ್ಸೂ ಮೀರಿತ್ತು. ಮಕ್ಕಳ ಸಮಿತಿಯವರು, ಹಾಗಾದರೆ ಪಾಲನೆಗೆ ಕೊಡುತ್ತೇವೆ, ಹದಿನೆಂಟು ತುಂಬುವತನಕ ನೀವು ನೋಡಿಕೊಳ್ಳಿ, ಸರಕಾರ ತಿಂಗಳು ತಿಂಗಳು ಒಂದಿಷ್ಟು ಕೊಡುತ್ತದೆ ಅಂದರು. ಹೀಗೆ ಏಳು ವರ್ಷದ ಶುಭಾಂಗಿ ಚಾಳಿಗೆ ಬಂದಳು. ಕಾಗದದಲ್ಲಿ ದಾನವ್ವ ತಾಯಿಯಲ್ಲ, ಪಾಲಕಿ. ಶುಭಾಂಗಿ ಆ ಕಾಗದ ಓದಿದವಳಲ್ಲವಾದ್ದರಿಂದ ಮೂರನೆಯ ದಿನವೇ ಅವ್ವಾ ಅಂದಳು.

ಈಗ ನೋಡಿದರೆ ಎತ್ತರದ, ಮೈಕೈ ತುಂಬಿಕೊಂಡ ಹುಡುಗಿ. ಮುಖ ನೋಡಿ ಏನೂ ತಿಳಿಯುವುದಿಲ್ಲ. ಜೊತೆಗೆ ಒಂದು ದಿನ ಇದ್ದವರಿಗೆ ಮಾತ್ರ ಗೊತ್ತಾಗುತ್ತದೆ. ನಾಲ್ಕರ ಮುಂದೆ ಎಣಿಕೆ ಹತ್ತುವುದಿಲ್ಲ. ಗುಂಡಿ ಹಾಕಿಕೊಂಡರೆ ಅಂಗಿ ಒಂದು ಕಡೆ ಮೇಲೆ, ಒಂದು ಕಡೆ ಕೆಳಗೆ. ಹೊಸ ಜಾಗದಲ್ಲಿ ದಾನವ್ವನ ಸೆರಗು ಕೈಯಲ್ಲಿ ಇರಲೇಬೇಕು, ಇಲ್ಲದಿದ್ದರೆ ಉಸಿರು ಕಟ್ಟಿಕೊಂಡು ಬೆವರುತ್ತಾಳೆ. ಅವಳಿಗೆ ಅಂತ ಮನೆಯಲ್ಲಿ ಒಂದು ಕೆಲಸವಿದೆ. ದಾನವ್ವ ರೊಟ್ಟಿ ಬಡಿದು ಹಂಚಿನ ಮೇಲೆ ಹಾಕಿದ ಕೂಡಲೇ ಶುಭಾಂಗಿ ಒದ್ದೆ ಅರಿವೆ ತೆಗೆದುಕೊಂಡು ಅದರ ಮೇಲೆ ನೀರು ಹಚ್ಚಬೇಕು. ನಾಲಿಗೆ ತುದಿ ಹಲ್ಲಿನ ನಡುವೆ ಹಿಡಿದುಕೊಂಡು, ಅಂಚಿನಿಂದ ನಡುವಿನವರೆಗೆ ಒಂದು ಬೆರಳು ಜಾಗವೂ ಬಿಡದೆ ಹಚ್ಚುತ್ತಾಳೆ. ನಿಲ್ಲಿಸುವುದು ಮಾತ್ರ ತಿಳಿಯುವುದಿಲ್ಲ. ದಾನವ್ವ "ಸಾಕು" ಅನ್ನಬೇಕು. ಅನ್ನದಿದ್ದರೆ ರೊಟ್ಟಿ ಮತ್ತೆ ಹಿಟ್ಟಾಗುವ ತನಕ ಹಚ್ಚುತ್ತಲೇ ಇರುತ್ತಾಳೆ. ಹನ್ನೊಂದು ವರ್ಷದಿಂದ ದಾನವ್ವನ ಬಾಯಲ್ಲಿ ದೇವರ ಹೆಸರಿಗಿಂತ ಹೆಚ್ಚು ಬಂದ ಮಾತು ಅದೇ ಇರಬೇಕು.

ಪಾಲನೆಗೆ ಕೊಟ್ಟ ಮಗು ಹೇಗಿದೆ ಎಂದು ನೋಡಲು ಸಮಿತಿಯ ಕಡೆಯಿಂದ ಮೊದಲೆಲ್ಲ ಮೂರು ತಿಂಗಳಿಗೊಮ್ಮೆ ಒಬ್ಬರು ಬರುತ್ತಿದ್ದರು. ಫೈಲು ತೆರೆದು, ಪೆನ್ನು ಹಿಡಿದು ಕೇಳುತ್ತಿದ್ದರು: ಮಗು ಸರಿಯಾಗಿ ಊಟ ಮಾಡುತ್ತದಾ? ಏನಾದರೂ ಕಲಿತಿದೆಯಾ? ನಿಮಗೆ ಕಷ್ಟವಾಗುತ್ತದಾ? ಮೊದಲ ವರ್ಷ ದಾನವ್ವ ಈ ಕೊನೆಯ ಪ್ರಶ್ನೆಗೆ ಇದ್ದದ್ದು ಇದ್ದ ಹಾಗೆ ಉತ್ತರ ಹೇಳುವವಳಿದ್ದಳು. ಆದರೆ ಅಷ್ಟರಲ್ಲಿ ಹಿಂದಿನ ಓಣಿಯಲ್ಲಿ ಒಂದು ಸಂಗತಿ ನಡೆಯಿತು. ಅಲ್ಲೊಬ್ಬಳು ಹೀಗೇ ಒಂದು ಮಗುವನ್ನು ತಂದು ಸಾಕಿದ್ದಳು. ಜ್ವರ ಬಂದು ಮಲಗಿದ್ದ ದಿನ ನೋಡಲು ಬಂದವರ ಎದುರು, "ನನ್ನ ಕೈಲಿ ಆಗಲ್ಲಪ್ಪ ಇನ್ನು" ಅಂದುಬಿಟ್ಟಳು. ಬೇಸರಕ್ಕೆ ಅಂದ ಮಾತು. ಅದು ಫೈಲಿಗೆ ಹೋಯಿತು. ಹದಿನೈದು ದಿನಕ್ಕೆ ಬಿಳಿ ಗಾಡಿ ಬಂದು ಮಗುವನ್ನು ವಾಪಸು ಕರೆದುಕೊಂಡು ಹೋಯಿತು. ಆ ಹೆಂಗಸು ಗಾಡಿಯ ಬಾಗಿಲು ಹಿಡಿದುಕೊಂಡು ಅತ್ತದ್ದನ್ನು ದಾನವ್ವ ಕಣ್ಣಾರೆ ಕಂಡಳು.

ಅವತ್ತಿನಿಂದ ಅವಳ ಉತ್ತರ ಒಂದೇ ಆಯಿತು. "ಎಲ್ಲಾ ಮಾಡತಾಳ್ರಿ."

ಬರೀ ಬಾಯಿಮಾತಲ್ಲ, ತಕ್ಕ ತಯಾರಿಯೂ ಇರುತ್ತಿತ್ತು. ನೋಡುವವರು ಬರುವ ವಾರವೆಲ್ಲ ಖೋಲಿಯಲ್ಲಿ ನಾಟಕದ ತಾಲೀಮು. ಶುಭಾಂಗಿ ತಟ್ಟೆಯಲ್ಲಿ ನೀರಿನ ಲೋಟ ಇಟ್ಟುಕೊಂಡು ಬರಬೇಕು, ನಮಸ್ತೇ ದೀದಿ ಅನ್ನಬೇಕು. ಪಾಟಿಯ ಮೇಲೆ ಮೊದಲೇ ಹೆಸರು ಬರೆದಿರುತ್ತಿತ್ತು. ಕೊನೆಯ ಅಕ್ಷರಕ್ಕೆ ಗುಡಿಸು ಕೊಡುವುದಷ್ಟೇ ಹುಡುಗಿಯ ಪಾಲು, ಉಳಿದದ್ದು ದಾನವ್ವನ ಕೈವಾಡ. ಬುಟ್ಟಿಯಿಂದ ಒಂದು ದುಂಡನೆಯ ರೊಟ್ಟಿ ತೆಗೆದು, "ಇದು ನಮ್ಮ ಶುಬ್ಬಿ ಬಡದದ್ದು" ಎಂದು ತೋರಿಸುತ್ತಿದ್ದಳು. ಕಣ್ಣು ಮಿಟುಕಿಸದೆ ಸುಳ್ಳು ಹೇಳುವುದು ಅವಳಿಗೆ ನೀರು ಕುಡಿದಷ್ಟು ಸಲೀಸಾಯಿತು. ಪಕ್ಕದಲ್ಲಿ ಕೂತ ಶುಭಾಂಗಿ, ತಾನೇ ಬಡಿದದ್ದು ಎಂದು ನಂಬಿ ಮುಖ ಅರಳಿಸುತ್ತಿದ್ದಳು. ಎರಡು ವರ್ಷದ ಹಿಂದೆ ಚಂದ್ರಾಮ ತೀರಿಹೋದ. ವಯಸ್ಸಾದ ಒಂಟಿ ಹೆಂಗಸಿನ ಹತ್ತಿರ ಇಂಥ ಹುಡುಗಿಯನ್ನು ಬಿಡಬಹುದೋ ಬೇಡವೋ ಎಂಬ ಮಾತು ಎದ್ದಿತು. ತಿಂಗಳಿಗೊಮ್ಮೆ ನೋಡಲು ಬರತೊಡಗಿದರು. ದಾನವ್ವನ ಉತ್ತರ ಇನ್ನಷ್ಟು ಗಟ್ಟಿಯಾಯಿತು.

ಈಚಿನ ಮೂರು ವರ್ಷ ಬರುತ್ತಿರುವವಳು ನಿಶ್ಮಿತಾ. ಉಡುಪಿ ಕಡೆಯವರ ಮಗಳು, ಹುಟ್ಟಿ ಬೆಳೆದದ್ದು ಇಲ್ಲೇ. ಕನ್ನಡ ಅರ್ಥವಾಗುತ್ತದೆ, ಆಡಲು ಹೋದರೆ ಅರ್ಧ ದಾರಿಯಲ್ಲಿ ಹಿಂದಿಗೆ ಇಳಿಯುತ್ತಾಳೆ. ಒಳ್ಳೆಯ ಹುಡುಗಿ. ಜನವರಿಯಲ್ಲಿ ಬಂದಾಗ ಅವಳೇ ಕೂಡಿಸಿಕೊಂಡು ಹೇಳಿದಳು.

"ಆಂಟಿ, ಜೂನ್‌ನಲ್ಲಿ ಶುಭಾಂಗಿಗೆ ಹದಿನೆಂಟು ಆಗ್ತದೆ. ಫಿರ್ ಫೈಲ್ ಬಂದ್. ನಮ್ಮ ದುಡ್ಡು ಬರುದಿಲ್ಲ. ಆದ್ರೆ ಅಂಗವಿಕಲರ ಪೆನ್ಶನ್ ಉಂಟಲ್ಲ, ಅದು ಲೈಫ್ ಫುಲ್ ಬರ್ತದೆ. ಅವಳ ಹೆಸರಿಗೇ. ಅದಕ್ಕೆ ಹೊಸ ಸರ್ಟಿಫಿಕೇಟ್ ಬೇಕು, ಹಳೇದು ಮುಗಿದಿದೆ. ನಲವತ್ತು ಪರ್ಸೆಂಟ್‌ಗಿಂತ ಕಮ್ಮಿ ಆಗಬಾರದು."

"ಲೈಫ್ ಫುಲ್ ಅಂದ್ರ, ನಾ ಹ್ವಾದ ಮ್ಯಾಲೂ?"

"ಹಾಂ ಆಂಟಿ. ಆಮೇಲೂ."

ದಾನವ್ವ ಅವತ್ತು ಬಹಳ ದಿನದ ಮೇಲೆ ಸರಿಯಾಗಿ ಊಟ ಮಾಡಿದಳು. ಚಂದ್ರಾಮ ಹೋದಂದಿನಿಂದ ಒಂದೇ ಚಿಂತೆ ಅವಳ ಎದೆಯ ಮೇಲೆ ಕೂತಿತ್ತು. ನಾಳೆ ತಾನು ಕಣ್ಣು ಮುಚ್ಚಿದರೆ ಈ ಹುಡುಗಿಯ ಬಾಯಿಗೆ ತುತ್ತು ಯಾರು ಹಾಕುತ್ತಾರೆ? ಅವಳ ಹೆಸರಿನಲ್ಲಿ ಏನಾದರೂ ಬರುತ್ತದೆ ಅಂದರೆ ಇಟ್ಟುಕೊಳ್ಳಲು ಯಾವುದಾದರೂ ಆಶ್ರಮದವರಾದರೂ ಮುಂದೆ ಬಂದಾರು. ಬರಿಗೈಯವಳನ್ನು ಮತ್ತೆ ಕುರ್ಲಾ ಸ್ಟೇಶನ್ನಿಗೇ ಕಳಿಸುತ್ತಾರೆ.

ಫೆಬ್ರವರಿಯಲ್ಲಿ ಪರೇಲಿನ ಸರಕಾರಿ ಆಸ್ಪತ್ರೆಗೆ ಹೋದರು. ಚೆಂಬೂರಿನಿಂದ ಕುರ್ಲಾ, ಅಲ್ಲಿ ಗಾಡಿ ಬದಲಿಸಿ ಪರೇಲ್. ಕಾಗದ ತೋರಿಸುವ ಕಿಟಕಿ, ಸಹಿಯ ಕಿಟಕಿ, ಸಹಿ ಸರಿಯಿದೆಯೋ ಎಂದು ನೋಡುವ ಇನ್ನೊಂದು ಕಿಟಕಿ. ಎರಡು ಸಲ ಊಟದ ಹೊತ್ತು ಎಂದು ವಾಪಸು ಕಳಿಸಿ, ಮೂರನೆಯ ಸಲ ಒಳಗೆ ಕರೆದರು. ಕಷ್ಟಪಡುವವರ ಕಷ್ಟಕ್ಕೆ ಪುರಾವೆ ಕೇಳುವ ಜಾಗಗಳು ಯಾವಾಗಲೂ ಎರಡನೆಯ ಮಹಡಿಯಲ್ಲೇ ಯಾಕಿರುತ್ತವೋ. ದಾನವ್ವನ ಮೊಣಕಾಲು ಅಷ್ಟರಲ್ಲಿ ಸೋತಿತ್ತು.

ಪರೀಕ್ಷೆ ಮಾಡುವ ಮಾಧುರಿ ಮೇಡಂ ಸಮಾಧಾನದ ಹೆಂಗಸು. ಮೊದಲು ಶುಭಾಂಗಿಯ ಮುಂದೆ ಮರದ ತುಂಡುಗಳನ್ನೂ ಚಿತ್ರಗಳನ್ನೂ ಇಟ್ಟು ಏನೇನೋ ಮಾಡಿಸಿದರು. ಆಮೇಲೆ ದಾನವ್ವನ ಕಡೆ ತಿರುಗಿ, ಹುಡುಗಿ ದಿನನಿತ್ಯ ಏನೇನು ಮಾಡುತ್ತಾಳೆ ಹೇಳಿ ಎಂದು ಮರಾಠಿಯಲ್ಲಿ ಕೇಳಿದರು, ಕನ್ನಡದಲ್ಲಿ ಹೇಳಿದರೂ ಅವರಿಗೆ ತಿಳಿಯುತ್ತಿತ್ತು. ಪರ್ಸೆಂಟು ನಿಂತಿರುವುದು ಬಹಳಷ್ಟು ಈ ಎರಡನೆಯದರ ಮೇಲೆ ಎಂದು ದಾನವ್ವನಿಗೆ ಆಗ ಗೊತ್ತಿರಲಿಲ್ಲ. ಅವಳಿಗೆ ಕಂಡದ್ದು ಒಂದು ಮೇಜು, ಒಂದು ಫೈಲು, ಪೆನ್ನು ಹಿಡಿದ ಒಬ್ಬ ಹೆಂಗಸು. ಹನ್ನೊಂದು ವರ್ಷದಿಂದ ಕಂಡದ್ದೂ ಅದೇ.

ತಾನೇ ಸ್ನಾನ ಮಾಡುತ್ತಾಳಾ? ಮಾಡತಾಳ್ರಿ. ಬಟ್ಟೆ ಹಾಕಿಕೊಳ್ಳುತ್ತಾಳಾ? ಹಾಕ್ಕೋತಾಳ್ರಿ. ಅಂಗಡಿಗೆ ಹೋಗಿ ಸಾಮಾನು ತರುತ್ತಾಳಾ? ತರತಾಳ್ರಿ. ಅಡಿಗೆ?

"ರೊಟ್ಟಿ ಬಡೀತಾಳ್ರಿ ಮೇಡಮ್ಮಾರ. ನನಗಿಂತ ಚಂದ ಬಡೀತಾಳ್ರಿ."

ಶುಭಾಂಗಿ ಹಲ್ಲು ಬಿಟ್ಟು ನಕ್ಕಳು. ನಮಸ್ತೇ ದೀದಿ ಅಂತಲೂ ಅಂದಳು. ಹೊರಗೆ ಬಂದ ದಾನವ್ವ ಅವಳಿಗೆ ಒಂದು ವಡಾಪಾವ್ ಕೊಡಿಸಿ, ಚೆನ್ನಾಗಿ ನಡೆಯಿತು ಎಂದುಕೊಂಡು ಗಾಡಿ ಹತ್ತಿದಳು.

ಬಂದದ್ದು ಇಪ್ಪತ್ತೈದು ಪರ್ಸೆಂಟು. ನಲವತ್ತಕ್ಕಿಂತ ಕಡಿಮೆ ಬುದ್ಧಿಮಾಂದ್ಯ ಇರುವವರಿಗೆ ಸರಕಾರದ ಲೆಕ್ಕದಲ್ಲಿ ಸಹಾಯವೇ ಬೇಕಾಗಿಲ್ಲ.

ನಿಶ್ಮಿತಾ ಕಾಗದ ಹಿಡಿದುಕೊಂಡು ಓಡಿ ಬಂದಳು. "ಆಂಟಿ, ನೀವು ಅಲ್ಲಿ ಎಲ್ಲಾ ಮಾಡ್ತಾಳೆ ಅಂತ ಹೇಳಿದ್ರಂತೆ! ಕ್ಯೂಂ ಆಂಟಿ? ಯಾಕೆ ಹಾಗೆ ಹೇಳಿದ್ದು?"

ದಾನವ್ವ ಹೇಳಿದಳು, "ನಿಮಗ ಹೇಳಿಧಾಂಗ ಹೇಳೀನವ್ವಾ."

ನಿಶ್ಮಿತಾ ಬುಟ್ಟಿಯಲ್ಲಿದ್ದ ರೊಟ್ಟಿಗಳ ಕಡೆ ನೋಡಿದಳು, ಪಾಟಿಯ ಕಡೆ ನೋಡಿದಳು. ಆಮೇಲೆ ತಗ್ಗಿದ ದನಿಯಲ್ಲಿ ಅಂದಳು, "ನನಗೂ ಗೊತ್ತಿತ್ತು ಆಂಟಿ. ನಾನೂ ಹಾಗೇ ಬರೆದೆ. ಬೇರೆ ಬರೆದ್ರೆ ಅವಳನ್ನ ಇಲ್ಲಿಂದ ತೆಗೀತಾರೆ."

ಇಬ್ಬರೂ ಸೇರಿ ಕಟ್ಟಿದ ಸುಳ್ಳಿನ ನಡುವೆ ಶುಭಾಂಗಿ ತಟ್ಟೆ ಹಿಡಿದುಕೊಂಡು ನಿಂತಿದ್ದಳು. ದೀದಿ ಇನ್ನೂ ನೀರು ತೆಗೆದುಕೊಂಡಿರಲಿಲ್ಲ.

ಮತ್ತೆ ಪರೀಕ್ಷೆ ಮಾಡಿ ಎಂದು ಅರ್ಜಿ ಕೊಟ್ಟರು. ತಾರೀಖು ಸಿಕ್ಕಿದ್ದು ಮೇ ನಡುವಿನಲ್ಲಿ. ಆ ಮಧ್ಯೆ ಚಾಳಿನ ಹೆಂಗಸರೆಲ್ಲ ಬುದ್ಧಿ ಹೇಳಿದರು. ಹುಡುಗಿಗೆ ಜೊಲ್ಲು ಸುರಿಸಲು ಹೇಳಿಕೊಡು, ತಲೆ ಬಾಚಬೇಡ, ಕೂತಲ್ಲೇ ಕಿರುಚಲಿ ಅಂದರು. ಯಾರದೋ ಮೈದುನನಿಗೆ ಹಾಗೆ ಮಾಡಿ ತೊಂಬತ್ತು ಸಿಕ್ಕಿತಂತೆ.

"ನನ್ನ ಮಗಳೇನು ಸೋಗು ಹಾಕಾಕಿ ಏನ?" ಎಂದು ದಾನವ್ವ ಕೈಯಲ್ಲಿದ್ದ ಹಿಟ್ಟನ್ನು ನಾದುವ ಕೊಣಮಿಗೆಗೆ ಒಗೆದಳು. "ಇದ್ದದ್ದ ಹೇಳತೀನಿ. ಇದ್ದದ್ದಷ್ಟ ಸಾಕಾಗತೈತಿ."

ಹೇಳಿದಷ್ಟು ಸುಲಭವಾಗಿ ಇದ್ದದ್ದು ಬಾಯಿಗೆ ಬರಲಿಲ್ಲ. ರೊಟ್ಟಿ ಬಡಿಯುತ್ತ ಮನಸ್ಸಿನಲ್ಲೇ ತಾಲೀಮು ಮಾಡುತ್ತಿದ್ದಳು. ಬರಂಗಿಲ್ರಿ. ತಿಳಿಯಂಗಿಲ್ರಿ. ಇಷ್ಟು ವರ್ಷ ಪೌಡರು ಹಚ್ಚಿ ತೋರಿಸಿದ ಮುಖವನ್ನು ತೊಳೆದು ತೋರಿಸುವುದು ಅವಳಿಗೆ ಸುಸ್ತು ತಂದಿತು. ಸುಸ್ತಿಗಿಂತ ಹೆಚ್ಚು ಸಿಟ್ಟು ಬಂದಿತು. ಒಬ್ಬರಿಗೆ ಹುಡುಗಿ ಜಾಣೆ ಅಂದರೆ ಮಾತ್ರ ಇಟ್ಟುಕೊಳ್ಳಲು ಬಿಡುತ್ತಾರೆ, ಇನ್ನೊಬ್ಬರಿಗೆ ಏನೂ ಬಾರದವಳು ಅಂದರೆ ಮಾತ್ರ ಅನ್ನ ಹಾಕುತ್ತಾರೆ. ಇಬ್ಬರೂ ಸರಕಾರದವರೇ. ಒಂದು ಕಪ್ಪು ಚಹಾ ಕುಡಿಯುತ್ತ ಅವರವರೇ ಮಾತಾಡಿಕೊಂಡರೆ ಅವರ ಗಂಟೇನು ಹೋಗುತ್ತದೆ?

ಮೇ ತಿಂಗಳ ಆ ದಿನ ಮಾಧುರಿ ಮೇಡಂ ದಾನವ್ವನ ಗುರುತು ಹಿಡಿದರು. ಮರದ ತುಂಡುಗಳ ಆಟ ಮುಗಿದ ಮೇಲೆ, "ಹುಡುಗಿ ಹೊರಗೆ ದೀದಿಯ ಹತ್ತಿರ ಕೂತಿರಲಿ, ನಾವು ಮಾತಾಡೋಣ" ಅಂದರು. ಹೊರಗೆ ಬೆಂಚಿನ ಮೇಲೆ ನಿಶ್ಮಿತಾ ಕಾಯುತ್ತಿದ್ದಳು. ಶುಭಾಂಗಿ ಬಾಗಿಲ ತನಕ ಹೋಗಿ ಓಡಿ ಬಂದು ಸೆರಗು ಹಿಡಿದುಕೊಂಡಳು. ಬಿಡಿಸಲು ನೋಡಿದರೆ ಬೆವರತೊಡಗಿದಳು. ಇರಲಿ ಬಿಡಿ ಅಂದರು ಮೇಡಂ.

ಸೆರಗು ಅವಳ ಮುಷ್ಟಿಯಲ್ಲಿರುವಾಗಲೇ ಪ್ರಶ್ನೆ ಶುರುವಾಯಿತು. ಸ್ನಾನ?

ದಾನವ್ವ ಮೇಜಿನ ಅಂಚು ನೋಡುತ್ತ ಹೇಳಿದಳು. "ನಾ ಮಾಡಸ್ತೀನ್ರಿ. ಬಿಸಿನೀರು ತಣ್ಣೀರು ತಿಳಿಯಂಗಿಲ್ರಿ ಆಕಿಗಿ. ಒಮ್ಮೆ ಕಾಲು ಸುಟ್ಕೊಂಡಾಳ್ರಿ."

ಬಟ್ಟೆ? "ಗುಂಡಿ ಹಾಕ್ಕೊಳ್ಳಾಕ ಬರಂಗಿಲ್ರಿ." ತಿಂಗಳ ದಿನಗಳು? "ಎಲ್ಲಾ ನಾನ ನೋಡತೀನ್ರಿ. ಆಕಿ ಅಂಜಿ ಅಳತಾಳ್ರಿ." ಅಂಗಡಿ? "ಒಬ್ಬಾಕಿನ್ನ ಬಿಟ್ರ ಓಣಿ ದಾಟಿ ಮನಿ ಹುಡಕಂಗಿಲ್ರಿ." ಹೆಸರು ಬರೆಯುವುದು? "ಬರಂಗಿಲ್ರಿ. ನಾ ಬರದು ಇಡತಿದ್ದೆ." ಮತ್ತೆ ರೊಟ್ಟಿ, ಅಂತ ಮೇಡಂ ಕೇಳಿದರು. ಹಳೆಯ ಫೈಲು ಅವರ ಎದುರಿಗೆ ತೆರೆದಿತ್ತು. ದಾನವ್ವನಿಗೆ ಅಲ್ಲಿ ದನಿ ಒಡೆಯಿತು.

"ಬರಂಗಿಲ್ರಿ. ನೀರಷ್ಟ ಹಚ್ಚತಾಳ್ರಿ. ಅದೂ ಬರಂಗಿಲ್ರಿ. ಸಾಕು ಅನ್ನೂತನ ಹಚ್ಚಿ ಹಚ್ಚಿ ಕೆಡಸ್ತಾಳ್ರಿ. ಏನೂ ಬರಂಗಿಲ್ರಿ ಆಕಿಗಿ."

ಮೇಡಂ ಬರೆದುಕೊಂಡರು. ಹೆಗಲ ಮೇಲೆ ಸೆರಗು ಹಗುರಾದ ಹಾಗೆ ಅನ್ನಿಸಿ ದಾನವ್ವ ತಿರುಗಿ ನೋಡಿದಳು. ಶುಭಾಂಗಿ ಕೈ ಬಿಟ್ಟಿದ್ದಳು. ಎರಡೂ ಕೈ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು. ಬೆವರುತ್ತಿರಲಿಲ್ಲ, ಅಳುತ್ತಿರಲಿಲ್ಲ, ನಗುತ್ತಲೂ ಇರಲಿಲ್ಲ.

ವಾಪಸು ಬರುವಾಗ ವಡಾಪಾವ್ ಕೈಗೆ ಕೊಟ್ಟರೆ ಹಿಡಿದುಕೊಂಡಳು, ತಿನ್ನಲಿಲ್ಲ. ಕುರ್ಲಾದಲ್ಲಿ ಗಾಡಿ ಬದಲಿಸುವಾಗ ದಾನವ್ವನೇ ಅವಳ ಕೈ ಹಿಡಿದುಕೊಳ್ಳಬೇಕಾಯಿತು. ಬಿಸಿಲಿಗೆ ಸುಸ್ತಾಗಿರಬೇಕು ಎಂದು ದಾನವ್ವ ತನಗೆ ತಾನೇ ಹೇಳಿಕೊಂಡಳು. ಬೇರೆ ಏನನ್ನಾದರೂ ನಂಬುವ ತ್ರಾಣ ಅವತ್ತು ಅವಳಲ್ಲಿ ಇರಲಿಲ್ಲ.

ಕಾರ್ಡು ಬಂತು. ಎಪ್ಪತ್ತೈದು ಪರ್ಸೆಂಟು. ಹುಟ್ಟಿದ ದಿನಕ್ಕೆ ಇನ್ನೂ ನಾಲ್ಕು ದಿನ ಇರುವಾಗಲೇ ನಿಶ್ಮಿತಾ ಪೆನ್ಶನ್ನಿನ ಅರ್ಜಿಗೂ ದಾನವ್ವನ ಸಹಿ ಮಾಡಿಸಿ, ಶುಭಾಂಗಿಯ ಹೆಬ್ಬೆಟ್ಟು ಒತ್ತಿಸಿ, ಪೇಡೆಯ ಪೊಟ್ಟಣ ಕೈಗಿಟ್ಟಳು. "ಹೋ ಗಯಾ ಆಂಟಿ! ಇನ್ನು ಟೆನ್ಶನ್ ಇಲ್ಲ."

"ಶುಬ್ಬೀ, ದೀದಿಗಿ ನೀರು ತಾ ಅವ್ವಾ" ಎಂದು ದಾನವ್ವ ಕೂಗಿದಳು. ಶುಭಾಂಗಿ ಗೋಡೆಗೆ ಒರಗಿ ಕೂತಿದ್ದವಳು ಏಳಲಿಲ್ಲ. ಇರಲಿ ಇರಲಿ ಎಂದು ನಿಶ್ಮಿತಾ ತಾನೇ ಕೊಡದಿಂದ ನೀರು ತೆಗೆದುಕೊಂಡು ಕುಡಿದಳು.

ಮರುದಿನ ಬೆಳಗ್ಗೆ ದಾನವ್ವ ಒಲೆ ಹೊತ್ತಿಸಿ ಮೊದಲ ರೊಟ್ಟಿ ಬಡಿದು ಹಂಚಿಗೆ ಹಾಕಿದಳು. ಒದ್ದೆ ಅರಿವೆ ಬಟ್ಟಲಿನಲ್ಲಿ ಹಾಗೇ ಇತ್ತು.

"ಬಾ ಅವ್ವಾ, ನೀರು ಹಚ್ಚು. ಒಣಗತೈತಿ."

ಶುಭಾಂಗಿ ಕೂತಲ್ಲಿಂದಲೇ ಹೇಳಿದಳು, "ಬರಂಗಿಲ್ರಿ."

ಮನೆಯಲ್ಲಿ ಅವಳು ಎಂದೂ ದಾನವ್ವನಿಗೆ ರೀ ಅಂದವಳಲ್ಲ. ಆ ಮಾತು, ಆ ರಾಗ, ಮೇಜಿನ ಅಂಚು ನೋಡುತ್ತ ದಾನವ್ವ ಹೇಳಿದಂತೆಯೇ ಇತ್ತು. "ಏನೂ ಬರಂಗಿಲ್ರಿ ಆಕಿಗಿ" ಎಂದು ಇನ್ನೊಮ್ಮೆ ಅಂದಳು. ನಾಲ್ಕರ ಮುಂದೆ ಎಣಿಸಲು ಬಾರದ ಹುಡುಗಿ ಅಷ್ಟನ್ನೂ ಒಂದಕ್ಷರ ಬಿಡದೆ ನೆನಪಿಟ್ಟುಕೊಂಡಿದ್ದಳು.

ಹಂಚಿನ ಮೇಲೆ ರೊಟ್ಟಿ ಬಿರಿಯಿತು. ದಾನವ್ವ ಅದನ್ನು ತೆಗೆಯಲಿಲ್ಲ. ಎದ್ದು ಹೋಗಿ ಹುಡುಗಿಯ ಎದುರು ಕೂತಳು. ಹಿಟ್ಟಿನ ಕೈಯಿಂದಲೇ ಅವಳ ಗಲ್ಲ ಹಿಡಿದಳು. ಹನ್ನೊಂದು ವರ್ಷದಲ್ಲಿ ಫೈಲಿನ ಮುಂದೆ ಕೂತು ಅವಳು ಖರೇ ಮಾತಾಡಿದ್ದು ಒಂದೇ ಸಲ. ಎಷ್ಟೋ ಸಲ ಸುಳ್ಳು ಹೇಳಿದ ಬಾಯಿಗೆ ಇನ್ನೊಂದು ಸುಳ್ಳು ಕಷ್ಟವಾಗಬಾರದಿತ್ತು. ಆದರೆ ಕಣ್ಣಲ್ಲಿ ನೀರು ಬಂದುಬಿಟ್ಟಿತು.

"ಅವತ್ತು ದವಾಖಾನ್ಯಾಗ ನಾ ಸುಳ್ಳು ಹೇಳೀನಿ ಶುಬ್ಬಿ."

"ಸುಳ್ಳಾ?"

"ಹೂಂ. ಸುಳ್ಳು. ನಿನಗ ಎಲ್ಲಾ ಬರತೈತಿ."

ಶುಭಾಂಗಿ ಬಹಳ ಹೊತ್ತು ಅವಳ ಮುಖ ನೋಡಿದಳು. ಆಮೇಲೆ ಎದ್ದು ಬಂದು ಅರಿವೆ ಹಿಂಡಿದಳು. ದಾನವ್ವ ಬಿರಿದ ರೊಟ್ಟಿ ತೆಗೆದು ಎರಡನೆಯದನ್ನು ಬಡಿದು ಹಾಕಿದಳು. ಹುಡುಗಿ ನಾಲಿಗೆ ಕಚ್ಚಿಕೊಂಡು ಅಂಚಿನಿಂದ ನೀರು ಹಚ್ಚುತ್ತ ನಡುವಿಗೆ ಬಂದಳು, ಮತ್ತೆ ಅಂಚಿಗೆ ಹೋದಳು, ಮತ್ತೆ ನಡುವಿಗೆ ಬಂದಳು. ಸಾಕು ಅನ್ನಲು ದಾನವ್ವನಿಗೆ ಬಾಯಿ ಬರಲಿಲ್ಲ. ಆ ರೊಟ್ಟಿ ಖಾನಾವಳಿಗೆ ಕೊಡುವ ಹಾಗಿರಲಿಲ್ಲ. ಹಂಚಿನಿಂದ ಬಳಿದು ತೆಗೆದು ದಾನವ್ವ ಅದನ್ನು ತನ್ನ ತಾಟಿಗೆ ಹಾಕಿಕೊಂಡಳು.